ಗೋಸುಂಬೆಯ ಬಣ್ಣ ಏನು ಹೇಳುತ್ತದೆ

ಕೆಂಪು ಬಟ್ಟೆಯ ಮೇಲೆ ಬಿಟ್ಟರೆ ಗೋಸುಂಬೆ ಕೆಂಪಾಗುವುದಿಲ್ಲ. ಚೌಕುಳಿ ಹಾಸಿನ ಮೇಲೆ ಬಿಟ್ಟರೆ ಮೈಮೇಲೆ ಚೌಕುಳಿ ಮೂಡುವುದೂ ಇಲ್ಲ. ಕೂತ ಜಾಗದ ಬಣ್ಣವನ್ನೇ ಮೈಗೆ ತಂದುಕೊಳ್ಳುವ ಪ್ರಾಣಿ ಎಂಬ ಮಾತು ತಲೆಮಾರುಗಳಿಂದ ಅದಕ್ಕೆ ಅಂಟಿಕೊಂಡಿದೆ. ನಿಜವಾಗಿ ಅದರ ಮೈಬಣ್ಣ ಬದಲಾಗುವುದು ಚಳಿಗೆ, ಬಿಸಿಲಿಗೆ, ಸಿಟ್ಟಿಗೆ, ಭಯಕ್ಕೆ, ಬೆದೆಗೆ, ಬಸಿರಿಗೆ, ಕಾಯಿಲೆಗೆ. ಬಣ್ಣ ಅದರ ಒಳಸ್ಥಿತಿಯ ಹೊರಗುರುತು. ಬೇಲಿಯ ಮೇಲೆ ಕಂಡರೂ ಸರಿ, ಸಾಕುವವರ ಮನೆಯ ಗೂಡಿನಲ್ಲಿ ಇದ್ದರೂ ಸರಿ, ಆ ಗುರುತನ್ನು ಓದಲು ಕಲಿತವರಿಗೆ ಮಾತ್ರ ಈ ಜೀವಿ ಅರ್ಥವಾಗುತ್ತದೆ.

ಕುಟುಂಬ ಮತ್ತು ನೆಲೆ

ಗೋಸುಂಬೆಗಳು ಹಲ್ಲಿ, ಓತಿ, ಉಡಗಳ ದೊಡ್ಡ ಬಳಗಕ್ಕೆ ಸೇರಿದ ಸರೀಸೃಪಗಳು. ಕೆಮೀಲಿಯೋನಿಡೆ ಎಂಬ ಪ್ರತ್ಯೇಕ ಕುಟುಂಬದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪವೊಂದರಲ್ಲೇ ಇವೆ. ಉಳಿದವುಗಳಲ್ಲಿ ಹೆಚ್ಚಿನವು ಆಫ್ರಿಕಾ ಖಂಡದವು. ಕೆಲವು ಮಾತ್ರ ದಕ್ಷಿಣ ಯುರೋಪ್, ಅರೇಬಿಯಾ ಮತ್ತು ದಕ್ಷಿಣ ಏಷ್ಯಾದಲ್ಲಿವೆ. ಈ ಕುಟುಂಬ ಹುಟ್ಟಿದ್ದು ಆಫ್ರಿಕಾದಲ್ಲಿ, ಅಲ್ಲಿಂದ ಸಮುದ್ರ ದಾಟಿ ಮಡಗಾಸ್ಕರ್ ಸೇರಿತು ಎಂದು ವಂಶವಾಹಿಗಳ ಅಧ್ಯಯನ ಸೂಚಿಸುತ್ತದೆ.

ಗಾತ್ರದಲ್ಲಿ ಇವುಗಳ ನಡುವಿನ ಅಂತರ ಅಪಾರ. ಮಡಗಾಸ್ಕರಿನ ಪಾರ್ಸನ್ ಗೋಸುಂಬೆ ಮೂತಿಯಿಂದ ಬಾಲದ ತುದಿಯವರೆಗೆ ಎರಡು ಅಡಿ ಮೀರುತ್ತದೆ. ಅದೇ ದ್ವೀಪದ ಬ್ರೂಕೇಸಿಯಾ ನಾನಾ ಎಂಬುದನ್ನು 2021ರಲ್ಲಿ ಹೊಸ ಪ್ರಭೇದವಾಗಿ ವಿವರಿಸಿದಾಗ, ಅದರ ಗಂಡಿನ ಉದ್ದ ಬಾಲವೂ ಸೇರಿ 21.6 ಮಿಲಿಮೀಟರ್ ಇತ್ತು. ದೊಡ್ಡವು ಮರಗಳ ಮೇಲಿರುತ್ತವೆ. ಈ ಪುಟ್ಟವು ಕಾಡಿನ ನೆಲದ ತರಗೆಲೆಗಳಲ್ಲಿ ಓಡಾಡುತ್ತವೆ.

ನಮ್ಮ ನಾಡಿನ ಗೋಸುಂಬೆ

ಭಾರತದಲ್ಲಿರುವುದು ಒಂದೇ ಪ್ರಭೇದ: ಕೆಮೀಲಿಯೋ ಜೈಲಾನಿಕಸ್. ಆಸ್ಟ್ರಿಯಾದ ನಿಸರ್ಗತಜ್ಞ ಲೌರೆಂಟಿ 1768ರಲ್ಲಿ ಇದನ್ನು ವಿವರಿಸಿದ. ಶ್ರೀಲಂಕಾ ಮತ್ತು ಪಾಕಿಸ್ತಾನದಲ್ಲೂ ಇದೆ. ಕರ್ನಾಟಕದ ಒಣ ಬಯಲು, ಕುರುಚಲು ಕಾಡು, ಹೊಲದ ಬೇಲಿ, ತೋಪುಗಳು ಇದರ ನೆಲೆ. ಬಾಲ ಸೇರಿದರೆ ಒಂದಡಿಗಿಂತ ತುಸು ಹೆಚ್ಚು ಉದ್ದ. ತಲೆಯ ಹಿಂಭಾಗ ಎಲುಬಿನ ಶಿಖರದಂತೆ ಎತ್ತರಿಸಿರುತ್ತದೆ. ಮೈ ಅಕ್ಕಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ. ಸಾಮಾನ್ಯ ಬಣ್ಣ ಹಸಿರು. ಅದರ ಮೇಲೆ ಹಳದಿ, ಕಂದು, ಕಪ್ಪು ಪಟ್ಟೆಗಳೂ ಚುಕ್ಕೆಗಳೂ ಬಂದುಹೋಗುತ್ತಿರುತ್ತವೆ.

ಬೇಲಿಗೂಟದ ಮೇಲೆ ಕೂತು ತಲೆ ಕುಣಿಸುವ, ಬೆದೆಯ ಕಾಲದಲ್ಲಿ ಕತ್ತು ಕೆಂಪೇರುವ ಓತಿಕ್ಯಾತವನ್ನೇ ಹಲವರು ಗೋಸುಂಬೆ ಅಥವಾ ಊಸರವಳ್ಳಿ ಎಂದುಕೊಳ್ಳುತ್ತಾರೆ. ಅದು ಬೇರೆ ಕುಟುಂಬದ್ದು. ಓತಿಕ್ಯಾತ ಸರ್ರನೆ ಓಡಿಹೋಗುತ್ತದೆ, ಅದರ ಬೆರಳುಗಳು ಬಿಡಿಬಿಡಿಯಾಗಿರುತ್ತವೆ, ಬಾಲ ನೀಳವಾಗಿ ಚಾಚಿಕೊಂಡಿರುತ್ತದೆ. ಗೋಸುಂಬೆ ಮೈ ಹಿಂದೆ ಮುಂದೆ ತೂಗುತ್ತ ಒಂದೊಂದೇ ಹೆಜ್ಜೆ ಇಡುತ್ತದೆ, ಇಕ್ಕಳದಂಥ ಪಾದಗಳಿಂದ ರೆಂಬೆ ಹಿಡಿಯುತ್ತದೆ, ಬಾಲವನ್ನು ಸುರುಳಿ ಸುತ್ತುತ್ತದೆ. ಎರಡು ಕಣ್ಣೂ ಬೇರೆಬೇರೆ ಕಡೆ ತಿರುಗುತ್ತಿದ್ದರೆ ಅನುಮಾನವೇ ಬೇಡ, ಅದು ಗೋಸುಂಬೆ.

ಇದಕ್ಕೆ ವಿಷವಿಲ್ಲ. ಹಿಡಿದರೆ ಬಾಯ್ತೆರೆದು ಬುಸುಗುಡುತ್ತದೆ, ಮೈ ಉಬ್ಬಿಸಿ ಕಪ್ಪಾಗುತ್ತದೆ, ಒಮ್ಮೊಮ್ಮೆ ಕಚ್ಚುತ್ತದೆ. ಅದು ಹೆದರಿದ ಪ್ರಾಣಿಯ ಕೊನೆಯ ಉಪಾಯ. ಇದು ಕಚ್ಚಿದರೆ ಸಾವು, ಕಂಡರೆ ಕೇಡು ಎಂಬ ತಪ್ಪು ನಂಬಿಕೆಯಿಂದ ಅದೆಷ್ಟೋ ಗೋಸುಂಬೆಗಳು ಕಲ್ಲೇಟು ತಿಂದು ಸಾಯುತ್ತಿವೆ.

ಬಣ್ಣ ಹೇಗೆ ಬದಲಾಗುತ್ತದೆ

ಗೋಸುಂಬೆಯ ಚರ್ಮದಲ್ಲಿ ಬಣ್ಣ ಎರಡು ಬಗೆಯಲ್ಲಿ ಹುಟ್ಟುತ್ತದೆ. ಮೊದಲನೆಯದು ವರ್ಣದ್ರವ್ಯ. ಚರ್ಮದ ಮೇಲ್ಭಾಗದ ಕೋಶಗಳಲ್ಲಿ ಹಳದಿ, ಕೆಂಪು ದ್ರವ್ಯಗಳಿವೆ. ಆಳದಲ್ಲಿ ಕವಲೊಡೆದ ದೊಡ್ಡ ಕೋಶಗಳಿದ್ದು, ಅವುಗಳ ತುಂಬ ಮೆಲನಿನ್ ಎಂಬ ಕಪ್ಪು ದ್ರವ್ಯದ ಕಣಗಳಿರುತ್ತವೆ. ಆ ಕಣಗಳು ಕವಲುಗಳ ತುದಿಯವರೆಗೆ ಹರಡಿದರೆ ಮೈ ಕಪ್ಪಿಡುತ್ತದೆ. ಕೋಶದ ನಡುವಿಗೆ ಸರಿದು ಕೂಡಿಕೊಂಡರೆ ತಿಳಿಯಾಗುತ್ತದೆ.

ಎರಡನೆಯ ಬಗೆ ಇನ್ನೂ ಸೋಜಿಗದ್ದು. ಅದನ್ನು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಮಿಷೆಲ್ ಮಿಲಿಂಕೊವಿಚ್ ಮತ್ತು ಸಂಗಡಿಗರು ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯಲ್ಲಿ ವಿವರವಾಗಿ ತೋರಿಸಿದರು. ಹಳದಿ ಕೋಶಗಳ ಕೆಳಗೆ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳಿರುವ ಕೋಶಗಳ ಪದರವಿದೆ. ಹರಳುಗಳಿಗೆ ಸ್ವಂತ ಬಣ್ಣವಿಲ್ಲ. ಅವು ಒಪ್ಪವಾಗಿ ಸಾಲುಗಟ್ಟಿರುವುದರಿಂದ, ನಡುವಿನ ಅಂತರಕ್ಕೆ ಹೊಂದುವ ಬೆಳಕನ್ನಷ್ಟೇ ಹಿಂದಕ್ಕೆ ಕಳಿಸುತ್ತವೆ. ಗಂಡು ಗೋಸುಂಬೆ ನೆಮ್ಮದಿಯಾಗಿದ್ದಾಗ ಹರಳುಗಳು ಒತ್ತೊತ್ತಾಗಿರುತ್ತವೆ. ಆಗ ನೀಲಿ ಬೆಳಕು ಹಿಂದಿರುಗಿ, ಮೇಲಿನ ಹಳದಿಯ ಜೊತೆ ಸೇರಿ ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತದೆ. ಎದುರಾಳಿ ಗಂಡೊಂದು ಕಣ್ಣಿಗೆ ಬಿದ್ದರೆ ಹರಳುಗಳ ನಡುವಿನ ಅಂತರ ಹಿಗ್ಗುತ್ತದೆ. ಈಗ ಹಿಂದಿರುಗುವುದು ಹಳದಿ, ಕಿತ್ತಳೆಯ ಬೆಳಕು. ಕೆಲವೇ ನಿಮಿಷಗಳಲ್ಲಿ ಹಸಿರು ಮೈ ಹಳದಿಗೆ ತಿರುಗುತ್ತದೆ, ನೀಲಿ ಪಟ್ಟೆ ಬೆಳ್ಳಗಾಗುತ್ತದೆ. ಇದರ ಕೆಳಗೆ ಇನ್ನೊಂದು ಹರಳಿನ ಪದರವಿದ್ದು, ಅದು ಅವಕೆಂಪು ಕಿರಣಗಳನ್ನು ಹಿಂದಕ್ಕೆ ಕಳಿಸುತ್ತದೆ. ಸುಡುಬಿಸಿಲಿನಲ್ಲಿ ಮೈ ಕಾಯದಂತೆ ಅದು ಕಾಪಾಡುತ್ತಿರಬೇಕು ಎಂಬುದು ಅದೇ ತಂಡದ ವಿವರಣೆ.

ಬಣ್ಣದ ಅರ್ಥ

ಬಣ್ಣ ಬದಲಿಸುವ ಈ ಶಕ್ತಿ ಬೆಳೆದುಬಂದದ್ದಾದರೂ ಏಕೆ? ಡೆವಿ ಸ್ಟುವರ್ಟ್-ಫಾಕ್ಸ್ ಮತ್ತು ಅದ್ನಾನ್ ಮುಸಲ್ಲಿ ದಕ್ಷಿಣ ಆಫ್ರಿಕಾದ ಕುಬ್ಜ ಗೋಸುಂಬೆಗಳ ಹಲವು ಬಗೆಗಳನ್ನು ಹೋಲಿಸಿ 2008ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅಡಗುವ ಅಗತ್ಯವೇ ಕಾರಣವಾಗಿದ್ದರೆ, ಹೆಚ್ಚು ವೈವಿಧ್ಯದ ಹಿನ್ನೆಲೆಯಲ್ಲಿ ಬದುಕುವ ಗೋಸುಂಬೆಗಳಲ್ಲಿ ಬಣ್ಣ ಬದಲಿಸುವ ಸಾಮರ್ಥ್ಯ ಹೆಚ್ಚಿರಬೇಕಿತ್ತು. ಹಾಗಿರಲಿಲ್ಲ. ತಮ್ಮ ಜಾತಿಯ ಇತರರಿಗೆ ಎದ್ದುಕಾಣುವ ಸಂಕೇತ ತೋರಿಸುವ ಬಗೆಗಳಲ್ಲೇ ಆ ಸಾಮರ್ಥ್ಯ ಹೆಚ್ಚಿತ್ತು. ವೈರಿ ಕಂಡಾಗ ಗೋಸುಂಬೆ ಮಂಕು ಬಣ್ಣ ತಳೆದು ಅಡಗುವುದೂ ನಿಜ. ಆದರೆ ಬಣ್ಣದ ಈ ವೈಭವವನ್ನು ಬೆಳೆಸಿದ್ದು ತನ್ನವರೊಡನೆ ನಡೆಸುವ ಸಂವಾದ.

ಯೆಮನ್ ಗೋಸುಂಬೆಗಳ ಗಂಡುಗಳನ್ನು ಎದುರುಬದುರು ನಿಲ್ಲಿಸಿ ಅಮೆರಿಕದ ಅರಿಝೋನಾದಲ್ಲಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳುತ್ತದೆ. ಯಾವುದರ ಮೈಪಟ್ಟೆಗಳು ಹೆಚ್ಚು ಹೊಳೆಯುತ್ತವೆಯೋ ಅದು ಎದುರಾಳಿಯ ಹತ್ತಿರ ನುಗ್ಗುವ ಸಂಭವ ಹೆಚ್ಚು. ಯಾವುದರ ತಲೆ ಬೇಗ ಬೇಗ ಬಣ್ಣವೇರಿ ಹೆಚ್ಚು ಹೊಳೆಯುತ್ತದೆಯೋ ಅದು ಗೆಲ್ಲುವ ಸಂಭವ ಹೆಚ್ಚು. ಸೋತದ್ದು ಮಂಕಾಗಿ ಹಿಂದೆ ಸರಿಯುತ್ತದೆ. ಎಷ್ಟೋ ಜಗಳ ಮೈಮುಟ್ಟದೆಯೇ ಬಣ್ಣದಲ್ಲೇ ತೀರ್ಮಾನವಾಗುತ್ತದೆ.

ಓದಲು ಸುಲಭವಾದ ಕೆಲವು ಗುರುತುಗಳಿವೆ. ಬೆಳಗಿನ ಚಳಿಯಲ್ಲಿ ಗೋಸುಂಬೆ ಕಡುಬಣ್ಣ ತಳೆದು, ಮೈಯ ಚಪ್ಪಟೆ ಪಕ್ಕವನ್ನು ಸೂರ್ಯನಿಗೆ ಒಡ್ಡಿ ಶಾಖ ಹೀರುತ್ತದೆ, ಬಿಸಿಲೇರಿದಂತೆ ತಿಳಿಯಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಇನ್ನಷ್ಟು ಪೇಲವವಾಗುತ್ತದೆ. ಟಾರ್ಚ್ ಬೆಳಕಿಗೆ ಎಲೆಗಳ ನಡುವೆ ಬೆಳ್ಳಗೆ ಎದ್ದುಕಾಣುವುದರಿಂದ ಸಂಶೋಧಕರು ಇವನ್ನು ಹುಡುಕಲು ರಾತ್ರಿಯೇ ಹೊರಡುತ್ತಾರೆ. ಬಸಿರಾದ ಯೆಮನ್ ಗೋಸುಂಬೆ ಕಡುಬಣ್ಣದ ಮೈಮೇಲೆ ಹಳದಿ, ನೀಲಿ ಚುಕ್ಕೆ ತೋರಿಸಿ, ಹತ್ತಿರ ಬರುವ ಗಂಡನ್ನು ಬೇಡವೆಂದು ದೂರವಿಡುತ್ತದೆ.

ಕಣ್ಣು

ರೆಪ್ಪೆಗಳು ಕೂಡಿಕೊಂಡು ಗೋಪುರದ ಆಕಾರ ತಾಳಿ, ತುದಿಯಲ್ಲಿ ಪುಟ್ಟ ಕಿಂಡಿಯಷ್ಟೇ ತೆರೆದಿರುವ ಕಣ್ಣು ಗೋಸುಂಬೆಯದು. ಒಂದು ಕಣ್ಣು ಮುಂದಿನ ಎಲೆಯನ್ನು ನೋಡುತ್ತಿರುವಾಗಲೇ ಇನ್ನೊಂದು ಬೆನ್ನ ಹಿಂದೆ ಹಾರುವ ಹದ್ದನ್ನು ಹುಡುಕಬಲ್ಲದು. ಬೇಟೆ ಕಂಡೊಡನೆ ತಲೆಯನ್ನು ಅದರತ್ತ ತಿರುಗಿಸಿ ಎರಡೂ ಕಣ್ಣನ್ನು ಒಂದೇ ಗುರಿಗೆ ನೆಡುತ್ತದೆ.

ಬೇಟೆಯ ದೂರವನ್ನು ಅದು ಅಳೆಯುವುದು ಹೇಗೆಂದು 1977ರಲ್ಲಿ ಪ್ರಕಟವಾದ ಲಿಂಡ್ಸೆ ಹಾರ್ಕ್‌ನೆಸ್ ಅವರ ಪ್ರಯೋಗ ತೋರಿಸಿತು. ಗೋಸುಂಬೆಯ ಕಣ್ಣ ಮುಂದೆ ಮಸೂರಗಳನ್ನಿಟ್ಟಾಗ ಅದರ ನಾಲಗೆ ಗುರಿ ತಪ್ಪಿತು. ಕಣ್ಣಿನ ಮಸೂರವನ್ನು ಎಷ್ಟು ಹೊಂದಿಸಿದರೆ ಬಿಂಬ ಸ್ಪಷ್ಟವಾಗುತ್ತದೆ ಎಂಬುದರಿಂದಲೇ ಅದು ದೂರವನ್ನು ಲೆಕ್ಕ ಹಾಕುತ್ತದೆ ಎಂದು ಇದರಿಂದ ತಿಳಿಯಿತು.

ನಾಲಗೆ

ಗೋಸುಂಬೆಯ ನಾಲಗೆ ಅದರ ಮೈಯುದ್ದವನ್ನೂ ಮೀರಿ ಚಾಚುತ್ತದೆ. ಚಿಕ್ಕ ಪ್ರಭೇದಗಳಲ್ಲಿ ಎರಡೂವರೆ ಪಟ್ಟು ದೂರ ಹೋಗುವುದೂ ಉಂಟು. ಬಾಯೊಳಗೆ ತುದಿ ಸಪೂರವಾದ ಒಂದು ಕಡ್ಡಿಯಂಥ ಎಲುಬಿದೆ. ಅದನ್ನು ಕೊಳವೆಯಾಕಾರದ ಸ್ನಾಯು ಸುತ್ತುವರಿದಿದೆ. ಎರಡರ ನಡುವೆ ಒಂದರೊಳಗೊಂದು ಸೇರಿಕೊಂಡ ಕೊಲಾಜೆನ್ ಪೊರೆಗಳಿವೆ. ಗುರಿ ಸಿಕ್ಕಾಗ ಗೋಸುಂಬೆ ಬಾಯಿ ತುಸು ತೆರೆದು ನಾಲಗೆಯ ತುದಿಯನ್ನು ಮೆಲ್ಲನೆ ಮುಂದಕ್ಕೆ ತರುತ್ತದೆ. ಇಷ್ಟು ಹೊತ್ತಿಗೆ ಸ್ನಾಯು ಬಿಗಿಯುತ್ತ ಪೊರೆಗಳನ್ನು ಎಳೆದು ಶಕ್ತಿ ತುಂಬಿಸಿರುತ್ತದೆ. ಬಿಗಿದ ಸ್ನಾಯು ಎಲುಬಿನ ಸಪೂರ ತುದಿಯನ್ನು ದಾಟುವ ಕ್ಷಣ ಆ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆಯಾಗುತ್ತದೆ. ಒದ್ದೆ ಸೀತಾಫಲದ ಬೀಜವನ್ನು ಎರಡು ಬೆರಳ ನಡುವೆ ಅದುಮಿದರೆ ಚಿಮ್ಮುವ ರೀತಿ ಇದು. ಇಲ್ಲಿ ಬೀಜ ಅಲ್ಲೇ ಉಳಿದು ಬೆರಳು ಚಿಮ್ಮುತ್ತದೆ, ಅಷ್ಟೇ ವ್ಯತ್ಯಾಸ.

ಕ್ರಿಸ್ಟೋಫರ್ ಆಂಡರ್ಸನ್ 2016ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಟಾಂಜಾನಿಯಾದ ಒಂದು ಪುಟ್ಟ ಗೋಸುಂಬೆಯ ನಾಲಗೆಯ ವೇಗೋತ್ಕರ್ಷ ಗುರುತ್ವದ 264 ಪಟ್ಟು ಮುಟ್ಟಿತು. ನಾಲಗೆಯ ತುದಿಯಲ್ಲಿರುವ ಲೋಳೆ ಮನುಷ್ಯರ ಎಂಜಲಿಗಿಂತ ಸುಮಾರು 400 ಪಟ್ಟು ಗಟ್ಟಿ ಅಂಟು. ದೊಡ್ಡ ಮಿಡತೆಯನ್ನೂ ಅದು ಬಿಡದೆ ಎಳೆತರುತ್ತದೆ. ಸ್ನಾಯುವಿನ ಬಲಕ್ಕಿಂತ ಕೂಡಿಟ್ಟ ಶಕ್ತಿಯೇ ನಾಲಗೆಯನ್ನು ಎಸೆಯುವುದರಿಂದ, ಬೆಳಗಿನ ಚಳಿಯಲ್ಲಿ ಉಳಿದ ಹಲ್ಲಿಗಳ ಮೈ ಇನ್ನೂ ಸೆಟೆದುಕೊಂಡಿರುವಾಗಲೇ ಗೋಸುಂಬೆ ಬೇಟೆ ಶುರುಮಾಡಬಲ್ಲದು.

ಪಾದ ಮತ್ತು ಬಾಲ

ಪಾದದ ಐದು ಬೆರಳುಗಳು ಎರಡು ಗುಂಪಾಗಿ ಕೂಡಿಕೊಂಡಿವೆ. ಮುಂಗಾಲಿನಲ್ಲಿ ಒಳಗಡೆ ಮೂರು, ಹೊರಗಡೆ ಎರಡು. ಹಿಂಗಾಲಿನಲ್ಲಿ ಒಳಗಡೆ ಎರಡು, ಹೊರಗಡೆ ಮೂರು. ಸಣ್ಣ ರೆಂಬೆಯನ್ನು ಹಿಡಿಯಲು ಇದಕ್ಕಿಂತ ಭದ್ರವಾದ ಏರ್ಪಾಡು ಬೇಡ. ಹೆಚ್ಚಿನ ಪ್ರಭೇದಗಳಲ್ಲಿ ಬಾಲ ಐದನೆಯ ಕೈಯಾಗಿ ಕೆಲಸ ಮಾಡುತ್ತದೆ. ಮನೆಹಲ್ಲಿಯ ಬಾಲದಂತೆ ಇದು ಕಳಚುವುದಿಲ್ಲ. ತುಂಡಾದರೆ ಮತ್ತೆ ಬೆಳೆಯುವುದೂ ಇಲ್ಲ.

ಮೊಟ್ಟೆ, ಮರಿ, ಆಯಸ್ಸು

ಹೆಚ್ಚಿನ ಗೋಸುಂಬೆಗಳು ಮೊಟ್ಟೆಯಿಡುತ್ತವೆ. ಮರದ ಮೇಲೆಯೇ ಬದುಕು ಕಳೆಯುವ ಹೆಣ್ಣು ಇದೊಂದು ಕೆಲಸಕ್ಕೆ ತಪ್ಪದೆ ನೆಲಕ್ಕಿಳಿಯುತ್ತದೆ. ತೇವದ ಮಣ್ಣಿರುವ ಜಾಗ ಹುಡುಕಿ, ಗುಂಡಿ ತೋಡಿ, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಮರಿಗಳಿಗೆ ತಾಯಿಯ ಆರೈಕೆ ಇಲ್ಲ. ಮೊಟ್ಟೆಯಿಂದ ಹೊರಬಂದ ದಿನವೇ ಅವು ಸ್ವತಂತ್ರ. ಕೆನ್ಯಾ, ಟಾಂಜಾನಿಯಾದ ಬೆಟ್ಟಗಳ ಜಾಕ್ಸನ್ ಗೋಸುಂಬೆಯಂಥ ಕೆಲವು ತಂಪುನಾಡಿನ ಪ್ರಭೇದಗಳು ಮರಿ ಹಾಕುತ್ತವೆ.

ಮಡಗಾಸ್ಕರಿನ ಲಾಬೋರ್ಡ್ ಗೋಸುಂಬೆಯ ಜೀವನಚಕ್ರ ಬೆರಗಿನದು. ಮಳೆಗಾಲದ ಆರಂಭದಲ್ಲಿ ಎಲ್ಲ ಮರಿಗಳೂ ಒಟ್ಟಿಗೆ ಹೊರಬರುತ್ತವೆ, ಎರಡು ತಿಂಗಳೊಳಗೆ ಬಲಿಯುತ್ತವೆ, ಕೂಡಿ ಮೊಟ್ಟೆಯಿಟ್ಟು ನಾಲ್ಕೈದು ತಿಂಗಳಿಗೆ ಸಾಯುತ್ತವೆ. ವರ್ಷದ ಉಳಿದ ತಿಂಗಳುಗಳಲ್ಲಿ ಆ ಪ್ರಭೇದ ಭೂಮಿಯ ಮೇಲೆ ಇರುವುದು ಮಣ್ಣೊಳಗಿನ ಮೊಟ್ಟೆಗಳ ರೂಪದಲ್ಲಿ ಮಾತ್ರ.

ಸಾಕುವ ಪ್ರಭೇದಗಳು

ಅಮೆರಿಕ, ಯುರೋಪುಗಳಲ್ಲಿ ಗೋಸುಂಬೆ ಸಾಕುವ ಹವ್ಯಾಸ ದಶಕಗಳಷ್ಟು ಹಳೆಯದು. ಹೆಚ್ಚಾಗಿ ಸಾಕುವುದು ಯೆಮನ್ ಗೋಸುಂಬೆ ಮತ್ತು ಪ್ಯಾಂಥರ್ ಗೋಸುಂಬೆಯನ್ನು. ಇವೆರಡೂ ಸೆರೆಯಲ್ಲಿ ಮರಿ ಮಾಡುತ್ತವೆ. ಕಾಡಿನಿಂದ ಹಿಡಿದು ತಂದವು ಹೊಟ್ಟೆಹುಳುಗಳ ಹೊರೆ ಹೊತ್ತು, ಪ್ರಯಾಣದಲ್ಲಿ ಬಾಯಾರಿ, ಮಾಲೀಕರ ಕೈ ಸೇರುವ ಹೊತ್ತಿಗೆ ಅರೆಜೀವವಾಗಿರುತ್ತವೆ. ಮಡಗಾಸ್ಕರಿನಿಂದ ನಡೆಯುತ್ತಿದ್ದ ಸಾಗಣೆ ಮಿತಿಮೀರಿದ್ದರಿಂದ 1995ರಲ್ಲಿ ನಾಲ್ಕು ಸಾಮಾನ್ಯ ಪ್ರಭೇದಗಳನ್ನು ಬಿಟ್ಟು ಅಲ್ಲಿನ ಉಳಿದ ಗೋಸುಂಬೆಗಳ ವ್ಯಾಪಾರವನ್ನು ತಡೆಹಿಡಿಯಲಾಯಿತು. ಸಾಕುಪ್ರಾಣಿಯಾಗಿ ಹೋದವು ಹೊರಬಿದ್ದು ಪರದೇಶದಲ್ಲಿ ನೆಲೆಯೂರಿದ್ದೂ ಇದೆ. ಹವಾಯಿಯಲ್ಲಿ 1972ರಿಂದ ಜಾಕ್ಸನ್ ಗೋಸುಂಬೆಗಳು, ಫ್ಲೋರಿಡಾದಲ್ಲಿ ಯೆಮನ್ ಗೋಸುಂಬೆಗಳು ಹಬ್ಬಿವೆ.

ಗೂಡು, ಬೆಳಕು, ಶಾಖ

ಗೋಸುಂಬೆ ಒಂಟಿಜೀವಿ. ಒಂದು ಗೂಡಿಗೆ ಒಂದೇ. ಪಕ್ಕದ ಗೂಡಿನದ್ದೂ ಕಣ್ಣಿಗೆ ಬೀಳಬಾರದು. ಬೆಳೆದ ಗಂಡಿಗೆ ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರದ ಜಾಲರಿ ಗೂಡು ಕನಿಷ್ಠ. ಅಡಗಿಕೊಳ್ಳಲು ದಾಸವಾಳ, ಫೈಕಸ್‌ನಂಥ ಜೀವಂತ ಗಿಡ ಬೇಕು. ಅಡ್ಡಡ್ಡಲಾಗಿ ರೆಂಬೆಗಳು ಬೇಕು. ಗೂಡು ನಮ್ಮ ಎದೆಮಟ್ಟಕ್ಕಿಂತ ಮೇಲಿದ್ದರೆ ಒಳ್ಳೆಯದು, ಏಕೆಂದರೆ ಮೇಲಿನಿಂದ ಬರುವುದೆಲ್ಲ ಗೋಸುಂಬೆಗೆ ಹದ್ದಿನ ನೆರಳು.

ಯೆಮನ್ ಗೋಸುಂಬೆಗೆ ಗೂಡಿನ ಮೇಲ್ತುದಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನ ಬಿಸಿಲುಕಾಯುವ ಜಾಗ, ಕೆಳಗೆ ಇಪ್ಪತ್ತರ ಆಸುಪಾಸಿನ ತಂಪು ಬೇಕು. ರಾತ್ರಿ ಇನ್ನಷ್ಟು ತಂಪಾದರೆ ನಿದ್ದೆಗೆ ಹಿತ. ಅತಿನೇರಳೆ-ಬಿ ಕಿರಣ ಬೀರುವ ದೀಪ ದಿನಕ್ಕೆ 12 ಗಂಟೆ ಉರಿಯಬೇಕು. ಈ ಕಿರಣದಿಂದ ಚರ್ಮದಲ್ಲಿ ತಯಾರಾಗುವ ಡಿ3 ಜೀವಸತ್ವ ಇಲ್ಲದೆ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಈ ಕಿರಣ ಇರುವುದಿಲ್ಲ. ಪ್ಯಾಂಥರ್ ಗೋಸುಂಬೆಗಳ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಹಾರದಲ್ಲಿ ಡಿ3 ಕಡಿಮೆ ಸಿಕ್ಕವು ತಾವಾಗಿಯೇ ಅತಿನೇರಳೆ ಕಿರಣಕ್ಕೆ ಹೆಚ್ಚು ಹೊತ್ತು ಮೈಯೊಡ್ಡಿದವು. ಗೂಡಿನಲ್ಲಿ ಬಿಸಿಲು ನೆರಳು ಎರಡನ್ನೂ ಒದಗಿಸಿ ಆಯ್ಕೆಯನ್ನು ಅದಕ್ಕೇ ಬಿಡುವುದು ಜಾಣತನ.

ನೀರು ಮತ್ತು ಆಹಾರ

ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಅದು ಕುಡಿಯುವುದು ಎಲೆಯ ಮೇಲಿನ ಇಬ್ಬನಿ ಮತ್ತು ಮಳೆಹನಿ. ಆದ್ದರಿಂದ ಬೆಳಿಗ್ಗೆ ಸಂಜೆ ಎಲೆಗಳಿಗೆ ನೀರು ಸಿಂಪಡಿಸಬೇಕು, ತೊಟ್ಟಿಕ್ಕುವ ವ್ಯವಸ್ಥೆಯನ್ನೂ ಇಡಬೇಕು. ನೀರು ಸಾಕಾಗುತ್ತಿದೆಯೇ ಎಂಬುದನ್ನು ಹಿಕ್ಕೆ ಹೇಳುತ್ತದೆ: ಅದರ ಜೊತೆಗಿನ ಮೂತ್ರದ ಗಟ್ಟಿ ಭಾಗ ಬೆಳ್ಳಗಿದ್ದರೆ ಸರಿ, ಪೂರ್ತಿ ಕಿತ್ತಳೆಯಾಗಿದ್ದರೆ ನೀರು ಸಾಲದು.

ಚಿಮ್ಮಂಡೆ, ಮಿಡತೆ, ಸಾಕಿದ ಜಿರಲೆ, ರೇಷ್ಮೆ ಹುಳು ಇವೆಲ್ಲ ಒಳ್ಳೆಯ ಆಹಾರ. ಹುಳುಗಳಿಗೆ ಮೊದಲು ಸೊಪ್ಪು, ಕ್ಯಾರೆಟ್ ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತಾರೆ. ಬೆಳೆದ ಪ್ರಾಣಿಗೆ ದಿನಬಿಟ್ಟು ದಿನ ಕೊಟ್ಟರೆ ಸಾಕು. ಹೊಲದಿಂದ ಹಿಡಿದ ಹುಳುಗಳಲ್ಲಿ ಕೀಟನಾಶಕದ ಅಂಶವಿರಬಹುದಾದ್ದರಿಂದ ಅವು ಬೇಡ.

ಕಾಯಿಲೆಯ ಗುರುತುಗಳು

ಕ್ಯಾಲ್ಸಿಯಂ, ಅತಿನೇರಳೆ ಕಿರಣ ಸಾಲದಿದ್ದರೆ ಎಲುಬು ಮೆದುವಾಗಿ ಕಾಲು ಬಾಗುತ್ತದೆ, ದವಡೆ ಸೊಟ್ಟಗಾಗುತ್ತದೆ, ನಾಲಗೆ ದೂರ ಚಿಮ್ಮದು. ಎ ಜೀವಸತ್ವ ಕಡಿಮೆಯಾದರೆ ಕಣ್ಣು ಊದಿಕೊಳ್ಳುತ್ತದೆ. ಯೆಮನ್ ಗೋಸುಂಬೆಯ ಹೆಣ್ಣು ಗಂಡಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ತೋಡಲು ಒಂದಡಿ ಆಳದ ಒದ್ದೆ ಮರಳು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಸಂಚಕಾರ ತರುತ್ತದೆ. ಅತಿಯಾಗಿ ತಿನ್ನಿಸಿದಷ್ಟೂ ಮೊಟ್ಟೆ ಹೆಚ್ಚುವುದರಿಂದ ಹೆಣ್ಣಿನ ಆಯಸ್ಸೂ ಕುಗ್ಗುತ್ತದೆ.

ಕಾಡಿನಲ್ಲಿ ಬಲಹೀನತೆ ತೋರಿಸಿದ ಪ್ರಾಣಿ ಮೊದಲು ಬಲಿಯಾಗುತ್ತದೆ. ಹಾಗಾಗಿ ಗೋಸುಂಬೆ ತನ್ನ ನೋವನ್ನು ಕೊನೆಯವರೆಗೆ ಮುಚ್ಚಿಡುತ್ತದೆ. ಬೆಚ್ಚಗಿದ್ದರೂ ಹಗಲಿಡೀ ಕಡುಬಣ್ಣ, ಹಗಲಲ್ಲೂ ಮುಚ್ಚಿದ ಕಣ್ಣು, ಗುಳಿಬಿದ್ದ ಕಣ್ಣು, ಗೂಡಿನ ತಳಕ್ಕಿಳಿದು ಕೂರುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿ ಒಯ್ಯಬೇಕು. ಪದೇ ಪದೇ ಕೈಗೆತ್ತಿಕೊಂಡು ಆಡಿಸುವುದು ಅದಕ್ಕೆ ಹಿಂಸೆ. ಇದು ನೋಡಿ ಸಂತೋಷಪಡಬೇಕಾದ ಪ್ರಾಣಿ. ಮುಟ್ಟಿದ ಮೇಲೆ ಕೈ ಸೋಪಿನಿಂದ ತೊಳೆಯಬೇಕು, ಸರೀಸೃಪಗಳಿಂದ ಸಾಲ್ಮೊನೆಲ್ಲಾ ಸೋಂಕು ಹರಡಬಲ್ಲದು.

ಕಾನೂನು

ನಮ್ಮ ನಾಡಿನ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಇದಕ್ಕೆ ಯಾವ ವಿನಾಯಿತಿಯೂ ಸಾಕುವವರಿಗಿಲ್ಲ.

ಯೆಮನ್, ಪ್ಯಾಂಥರ್ ಗೋಸುಂಬೆಗಳು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಈ ಪಟ್ಟಿಯ ಪ್ರಾಣಿಗಳನ್ನೂ ನಮ್ಮ ಕಾಯಿದೆಯ ನಾಲ್ಕನೆಯ ಅನುಸೂಚಿಗೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಅದು ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಕಾಗದಪತ್ರವಿಲ್ಲದೆ ಮಾರುವವರಿಂದ ಕೊಳ್ಳುವುದು ಕಾನೂನಿಗೂ ವಿರುದ್ಧ, ಕಾಡಿಗೂ ದ್ರೋಹ.

ಗೋಸುಂಬೆ ಕಂಡರೆ

ಗೋಸುಂಬೆ ರಸ್ತೆ ದಾಟಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಚಕ್ರಕ್ಕೆ ಸಿಕ್ಕುವವುಗಳಲ್ಲಿ ಮೊಟ್ಟೆಯಿಡಲು ನೆಲಕ್ಕಿಳಿದ ಹೆಣ್ಣುಗಳೂ ಇರುತ್ತವೆ. ರಸ್ತೆಯಲ್ಲಿ ಕಂಡರೆ ವಾಹನ ನಿಲ್ಲಿಸಿ, ಒಂದು ಕೋಲನ್ನು ಅದರ ಮುಂದೆ ಹಿಡಿಯಿರಿ. ತಾನಾಗಿ ಹತ್ತಿಕೊಳ್ಳುತ್ತದೆ. ಅದು ಹೊರಟಿದ್ದ ದಿಕ್ಕಿನ ಕಡೆಯ ಪೊದೆಗೆ ಬಿಡಿ, ದೂರ ಒಯ್ಯಬೇಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಮನೆಯಂಗಳದ ಬೇಲಿಯಲ್ಲಿದ್ದರೆ ಅದನ್ನು ಅಲ್ಲೇ ಇರಲು ಬಿಡಿ. ಮಿಡತೆ, ನೊಣ, ಹುಳುಗಳನ್ನು ತಿಂದು ಅದು ತೋಟಕ್ಕೆ ಉಪಕಾರವನ್ನೇ ಮಾಡುತ್ತದೆ. ತೋಟಕ್ಕೆ ಕೀಟನಾಶಕ ಹೊಡೆಯದಿದ್ದರೆ, ಜೀವಂತ ಬೇಲಿ ಕಿತ್ತು ಕಾಂಪೌಂಡ್ ಗೋಡೆ ಕಟ್ಟದಿದ್ದರೆ ಅದು ಉಳಿಯುತ್ತದೆ. ಹತ್ತು ಹೆಜ್ಜೆ ದೂರ ನಿಂತು ಬೆಳಗಿನ ಎಂಟರಿಂದ ಹತ್ತರವರೆಗೆ ನೋಡಿದರೆ ಕಡುಬಣ್ಣದಿಂದ ಹಸಿರಿಗೆ ತಿರುಗುವ ಮೈಯನ್ನು ಯಾರು ಬೇಕಾದರೂ ಕಾಣಬಹುದು. ಅದಕ್ಕೆ ಗೂಡೂ ಬೇಡ, ಖರ್ಚೂ ಇಲ್ಲ. ಮಕ್ಕಳಿಗೆ ಅದನ್ನು ತೋರಿಸಿ, ಅದಕ್ಕೆ ವಿಷವಿಲ್ಲವೆಂದು ಹೇಳಿಕೊಡಿ. ಮುಂದಿನ ತಲೆಮಾರಿನ ಕೈಯಿಂದ ಕಲ್ಲು ಬಿಡಿಸಲು ಅಷ್ಟು ಸಾಕು.